ಯಂತ್ರಕ್ಕೆ ‘ನೀನು’ ಎನ್ನಬೇಕೇ, ‘ನೀವು’ ಎನ್ನಬೇಕೇ?

ವಿಭಕ್ತಿ
ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ನಡೆಯುತ್ತಿರುವ ಸಣ್ಣ ಸಂಗತಿಯೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ನನ್ನ ತಂದೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕೃತಕ ಬುದ್ಧಿಮತ್ತೆಯೊಂದಿಗೆ ಮಾತನಾಡುವ ಆ್ಯಪ್ ಒಂದನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, “ಮಂಡಿನೋವಿನ ವಿಚಾರ ಕೇಳಿದೆ, ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಿ ಅಂದರು” ಎಂದರು. ಯಾವ ಡಾಕ್ಟರು ಹಾಗೆಂದರು ಎಂದು ಅಮ್ಮ ಕೇಳಿದರು. ಡಾಕ್ಟರಲ್ಲ, ಫೋನು ಎಂದು ಗೊತ್ತಾದಾಗ ಅಮ್ಮ ನಕ್ಕು ಅಡುಗೆಮನೆಗೆ ಹೋದರು.

ಆಮೇಲೆ ನಾನು ಎಲ್ಲರ ಮಾತಿಗೂ ಕಿವಿಗೊಡತೊಡಗಿದೆ. ಅಮ್ಮನಿಗೆ ಅದು ‘ಅದು’; “ಅದು ಏನೋ ಒಂದು ಹೇಳುತ್ತೆ ಬಿಡು” ಎನ್ನುತ್ತಾರೆ. ಎಂಟನೆಯ ತರಗತಿಯ ಮಗಳಿಗೆ ಅದು ‘ಅವನು’. “ಅವನು ಲೆಕ್ಕ ತಪ್ಪು ಮಾಡಿದ” ಎಂದು ದೂರುತ್ತಾಳೆ. ನಾನು ಮಾತ್ರ ಯಂತ್ರವನ್ನು ಯಂತ್ರವೆಂದೇ ಕಾಣುತ್ತೇನೆಂದು ನಂಬಿದ್ದೆ. ಆದರೆ ಉತ್ತರ ಸರಿಯಾಗಿದ್ದಾಗ ‘ಹೇಳಿತು’ ಎನ್ನುವ ನಾನೇ, ಉತ್ತರ ತಪ್ಪಿದಾಗ ‘ಬೊಗಳೆ ಬಿಟ್ಟ’ ಎನ್ನುತ್ತೇನೆಂದು ಮಗಳು ತೋರಿಸಿಕೊಟ್ಟಳು.

ಇಂಗ್ಲಿಷಿನಲ್ಲಿ ಎದುರಿಗಿರುವವರು ದೊರೆಯಾಗಲಿ, ನಾಯಿಮರಿಯಾಗಲಿ, ಸಂಬೋಧನೆಯ ಸರ್ವನಾಮ ಒಂದೇ. ಕನ್ನಡದಲ್ಲಿ ಆ ಅನುಕೂಲವಿಲ್ಲ. ಎದುರಿಗಿರುವುದು ವಸ್ತುವೋ ವ್ಯಕ್ತಿಯೋ, ಕಿರಿಯನೋ ಹಿರಿಯನೋ ಎಂಬುದನ್ನು ಕ್ರಿಯಾಪದ ಮುಗಿಯುವಷ್ಟರಲ್ಲಿ ತೀರ್ಮಾನಿಸಿಯೇ ತೀರಬೇಕು. ಆದ್ದರಿಂದ, ನಾವು ಈ ಯಂತ್ರವನ್ನು ಮನಸ್ಸಿನೊಳಗೆ ಏನೆಂದು ಎಣಿಸಿದ್ದೇವೆಂಬುದನ್ನು ತಿಳಿಯಲು ಕ್ರಿಯಾಪದದ ಕೊನೆಗೆ ಸೇರುವ ನಮ್ಮ ಆಖ್ಯಾತ ಪ್ರತ್ಯಯಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲವೆಂದು ನನಗೆ ತೋರುತ್ತದೆ. ನಿಮ್ಮ ಮನೆಗಳಲ್ಲಿ ಹೇಗೆ?

ಶಿರಸಿ ಮೇಷ್ಟ್ರು
ವಿಭಕ್ತಿಯವರೇ, ಪ್ರಶ್ನೆ ಚೆನ್ನಾಗಿದೆ, ತೀರ್ಮಾನಕ್ಕೆ ಮಾತ್ರ ಅವಸರವಾಯಿತು. ನಮ್ಮ ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ನಪುಂಸಕ ಲಿಂಗವನ್ನೇ ಬಳಸುತ್ತೇವೆ. ಮನೆಮಗಳು ಬಂದರೂ ‘ಅದು ಬಂತು’ ಎಂದೇ ಹೇಳುವುದು. ಹಾಗೆಂದು ನಾವು ಮಗಳನ್ನು ವಸ್ತುವೆಂದು ಎಣಿಸಿದ್ದೇವೆ ಎನ್ನಲಾದೀತೇ? ಇನ್ನು ಏಕವಚನದ ಮಾತು. ವಚನಕಾರರು ಶಿವನಿಗೆ ‘ನೀನು’ ಎಂದರು, ದಾಸರು ವಿಠಲನಿಗೆ ‘ನೀನು’ ಎಂದರು, ನಾವೆಲ್ಲ ಅಮ್ಮನಿಗೆ ‘ನೀನು’ ಎಂದೇ ಬೆಳೆದೆವು. ಅತ್ಯಂತ ಹತ್ತಿರದವರಿಗೂ ಅತ್ಯಂತ ಕೆಳಗಿನವರೆಂದು ಎಣಿಸಿದವರಿಗೂ ಕನ್ನಡದಲ್ಲಿ ಸರ್ವನಾಮ ಒಂದೇ ಆಗಿರುವಾಗ, ನಿಮ್ಮ ಸಾಕ್ಷಿ ಎರಡು ನಾಲಗೆಯ ಸಾಕ್ಷಿ.

ನಾನು ಸ್ವತಃ ಅದಕ್ಕೆ ‘ನೀನು’ ಎನ್ನುತ್ತೇನೆ. ಸಲಿಗೆಯಿಂದಲೋ ತಾತ್ಸಾರದಿಂದಲೋ ಎಂದು ಕೇಳಿದರೆ ನನಗೇ ಸ್ಪಷ್ಟವಿಲ್ಲ.

ಮನೋಲಹರಿ
ನಾನು ಮನಃಶಾಸ್ತ್ರ ಪಾಠ ಮಾಡುವವಳು. ಮೇಷ್ಟ್ರ ಆಕ್ಷೇಪವನ್ನು ಒಪ್ಪುತ್ತೇನೆ. ಆದರೂ ಮೂಲ ಪ್ರಶ್ನೆಯಲ್ಲಿ ಹುರುಳಿದೆ, ಏಕೆಂದರೆ ಜನರು ತಮ್ಮ ನಂಬಿಕೆಯ ಬಗ್ಗೆ ಹೇಳುವ ಮಾತಿಗೂ ಅವರ ನಡವಳಿಕೆಗೂ ನಡುವೆ ಅಂತರವಿರುವುದನ್ನು ಪ್ರಯೋಗಗಳು ಬಹಳ ಹಿಂದೆಯೇ ತೋರಿಸಿವೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಒಂದು ಪ್ರಯೋಗ ಹೀಗಿತ್ತು. ವಿದ್ಯಾರ್ಥಿಗಳು ಕಂಪ್ಯೂಟರೊಂದರ ಮುಂದೆ ಕುಳಿತು ಪಾಠ ಕಲಿಯುತ್ತಾರೆ. ಪಾಠ ಹೇಗಿತ್ತೆಂದು ಆಮೇಲೆ ಅವರನ್ನು ಕೇಳಲಾಗುತ್ತದೆ. ಕೆಲವರನ್ನು ಅದೇ ಕಂಪ್ಯೂಟರ್ ಕೇಳುತ್ತದೆ, ಇನ್ನು ಕೆಲವರನ್ನು ಬೇರೆ ಕಂಪ್ಯೂಟರ್ ಕೇಳುತ್ತದೆ, ಉಳಿದವರು ಕಾಗದದ ಮೇಲೆ ಬರೆಯುತ್ತಾರೆ. ಕಲಿಸಿದ ಕಂಪ್ಯೂಟರೇ ಕೇಳಿದಾಗ ವಿದ್ಯಾರ್ಥಿಗಳು ಹೆಚ್ಚು ಹೊಗಳಿದರು. ಎದುರಿಗಿರುವವರ ಮುಖ ನೋಡಿ ‘ಊಟ ಚೆನ್ನಾಗಿತ್ತು’ ಎನ್ನುವ ನಮ್ಮ ದಾಕ್ಷಿಣ್ಯವೇ ಅದು. ಆ ಕಂಪ್ಯೂಟರಿನಲ್ಲಿ ಮಾತನಾಡುವ ಮುಖವಾಗಲಿ ಧ್ವನಿಯಾಗಲಿ ಇರಲಿಲ್ಲ, ಪರದೆಯ ಮೇಲೆ ಬರಹ ಮಾತ್ರವಿತ್ತು. ಕಂಪ್ಯೂಟರಿನ ಬಗ್ಗೆ ದಾಕ್ಷಿಣ್ಯ ತೋರಿಸಿದಿರಾ ಎಂದು ಕೇಳಿದರೆ, ಇಲ್ಲವೇ ಇಲ್ಲ ಎಂಬುದು ಅವರ ಉತ್ತರವಾಗಿತ್ತು.

ಇನ್ನೂ ಹಿಂದೆ, 1944ರಲ್ಲಿ, ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಒಂದು ಪುಟ್ಟ ಚಲನಚಿತ್ರ ಮಾಡಿದರು. ಅದರಲ್ಲಿದ್ದುದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ ಮತ್ತು ಬಾಗಿಲಿನಂತೆ ತೆರೆದು ಮುಚ್ಚುವ ಭಾಗವಿದ್ದ ಒಂದು ಆಯತ. ನೋಡಿದ್ದನ್ನು ಬರೆಯಿರಿ ಎಂದಾಗ, ಮೊದಲ ತಂಡದ 34 ಮಂದಿಯಲ್ಲಿ ಒಬ್ಬರು ಮಾತ್ರ ಅದನ್ನು ಆಕೃತಿಗಳ ಚಲನೆಯೆಂದು ವರ್ಣಿಸಿದರು. ಉಳಿದವರಿಗೆ ದೊಡ್ಡ ತ್ರಿಕೋನ ಗೂಂಡಾನಂತೆ ಕಂಡಿತು, ವೃತ್ತ ಹೆದರಿ ಓಡುವವಳಂತೆ ಕಂಡಿತು. ಮೂರು ಆಕೃತಿಗಳಲ್ಲೇ ಇಷ್ಟು ಕಂಡವರಿಗೆ, ಕೇಳಿದ ಪ್ರಶ್ನೆಗೆ ವ್ಯಾಕರಣಶುದ್ಧವಾಗಿ ಉತ್ತರಿಸುವ ಯಂತ್ರದಲ್ಲಿ ಯಾರೂ ಕಾಣಬಾರದೆಂದರೆ ಅದು ಅತಿಯಾದ ನಿರೀಕ್ಷೆ.

ಬಿಟ್ಟುಬಿಡದ ಬೈಟ್
ಒಂದು ಅನುಭವ. ಕಾಲೇಜಿನ ದಿನಗಳಲ್ಲಿ ನಾನು ‘ಎಲಿಜಾ’ ಪ್ರೋಗ್ರಾಮಿನ ಮಾದರಿಯಲ್ಲಿ ಕನ್ನಡದಲ್ಲಿ ಒಂದನ್ನು ಬರೆಯಲು ಹೋಗಿ ಸೋತೆ. ಅದನ್ನು ಅರಿಯದವರಿಗಾಗಿ ಹೇಳುವುದಾದರೆ, ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲಿಜಾದ ವಿವರಗಳನ್ನು ಪ್ರಕಟಿಸಿದರು. ಅದು ಮನೋವೈದ್ಯನಂತೆ ಮಾತನಾಡುತ್ತಿತ್ತು, ಆದರೆ ಒಳಗೆ ಇದ್ದುದು ಬಹಳ ಸರಳವಾದ ತಂತ್ರ. ನಾವು ಟೈಪು ಮಾಡಿದ ವಾಕ್ಯದಲ್ಲಿ ‘ತಾಯಿ’, ‘ದುಃಖ’ ಮೊದಲಾದ ಗೊತ್ತಾದ ಪದಗಳನ್ನು ಹುಡುಕುವುದು, ‘ನನ್ನ’ ಎಂಬುದನ್ನು ‘ನಿಮ್ಮ’ ಎಂದು ತಿರುಗಿಸಿ ಪ್ರಶ್ನೆಯಾಗಿ ಹಿಂದಕ್ಕೆ ಕೊಡುವುದು, ಏನೂ ಸಿಗದಿದ್ದರೆ ‘ಮುಂದುವರಿಸಿ’ ಎನ್ನುವುದು.

ಇಂಗ್ಲಿಷಿನಲ್ಲಿ ಸರ್ವನಾಮ ತಿರುಗಿಸಿದರೆ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಕನ್ನಡದಲ್ಲಿ ನನ್ನ ಗೆಳೆಯ ‘ನಾನು ಸೋತೆ’ ಎಂದು ಟೈಪು ಮಾಡಿದರೆ, ನನ್ನ ಪ್ರೋಗ್ರಾಮು ‘ನೀವು ಸೋತೆಯೇ?’ ಎಂದು ಕೇಳಿತು. ಅದನ್ನು ಸರಿಪಡಿಸಿದೆ. ಆತ ‘ನನ್ನ ಅಮ್ಮ ಬೈಯುತ್ತಾಳೆ’ ಎಂದ. ಅದು ‘ನಿಮ್ಮ ಅಮ್ಮ ಏಕೆ ಬೈಯುತ್ತಾಳೆ?’ ಎಂದಿತು. ನನ್ನ ಗೆಳೆಯ ನಗುತ್ತಿದ್ದವನು ತಟ್ಟನೆ ಗಂಭೀರನಾಗಿ, “ನನ್ನ ಅಮ್ಮನಿಗೆ ಏಕವಚನ ಹಚ್ಚಲು ಇದು ಯಾರು?” ಎಂದ. ತಮಾಷೆಗೇ ಹೇಳಿದನಾದರೂ ಅವನ ದನಿಯಲ್ಲಿ ನಿಜವಾದ ಮುನಿಸಿನ ಎಳೆಯೊಂದಿತ್ತು. ಆ ಪ್ರೋಗ್ರಾಮಿನಲ್ಲಿ ಇನ್ನೂರು ಸಾಲೂ ಇರಲಿಲ್ಲ, ಅದನ್ನು ಬರೆದ ನಾನು ಪಕ್ಕದಲ್ಲೇ ಕುಳಿತಿದ್ದೆ.

ವೈಜೆನ್‌ಬಾಮ್ ಅವರನ್ನೂ ಬೆಚ್ಚಿಬೀಳಿಸಿದ್ದು ಇಂಥದ್ದೇ. ಅವರು ಪ್ರೋಗ್ರಾಮು ಬರೆಯುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿ, ಎಲಿಜಾದೊಂದಿಗೆ ನಾಲ್ಕು ಮಾತು ಆಡುವಷ್ಟರಲ್ಲಿ, ಸ್ವಲ್ಪ ಹೊರಗೆ ಹೋಗುವಿರಾ ಎಂದು ಅವರನ್ನೇ ಕೇಳಿಕೊಂಡರಂತೆ. ನಾಜಿ ಜರ್ಮನಿಯಿಂದ ಬಾಲ್ಯದಲ್ಲೇ ಪಾರಾಗಿ ಬಂದಿದ್ದ ವೈಜೆನ್‌ಬಾಮ್, ಮುಂದಿನ ಬದುಕಿನ ಬಹುಭಾಗವನ್ನು ಕಂಪ್ಯೂಟರಿಗೆ ಯಾವ ಕೆಲಸಗಳನ್ನು ಒಪ್ಪಿಸಬಾರದು ಎಂದು ವಾದಿಸುವುದರಲ್ಲೇ ಕಳೆದರು.

ಆದರೆ ನನ್ನ ಅಭಿಪ್ರಾಯ ಬೇರೆ. ಈಗಿನ ಭಾಷಾ ಮಾದರಿಗಳು ಮುಂದಿನ ಪದದ ತುಣುಕು ಯಾವುದಿರಬಹುದು ಎಂದು ಲೆಕ್ಕ ಹಾಕುತ್ತವೆ. ಇದನ್ನು ಜನರಿಗೆ ಸರಿಯಾಗಿ ತಿಳಿಸಿಕೊಟ್ಟರೆ ಈ ‘ಅವರು–ಅವನು’ ಗೊಂದಲವೆಲ್ಲ ತಾನಾಗಿ ಹೋಗುತ್ತದೆ.

ಮನೋಲಹರಿ
ಬೈಟ್ ಅವರೇ, ನಿಮ್ಮ ಕಥೆ ನಿಮ್ಮ ಕೊನೆಯ ಪ್ಯಾರಾಕ್ಕೆ ವಿರುದ್ಧವಾಗಿದೆ. ಕಾರ್ಯದರ್ಶಿಗೆ ಗೊತ್ತಿತ್ತು, ನಿಮ್ಮ ಗೆಳೆಯನಿಗೂ ಗೊತ್ತಿತ್ತು. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮಾಯ್ನ್ ತಮ್ಮ ಸಂಸ್ಥೆಯ ‘ಲ್ಯಾಮ್ಡಾ’ ಮಾದರಿಗೆ ಪ್ರಜ್ಞೆಯಿದೆ ಎಂದು ಸಾರಿದಾಗ, ಅದು ಹೇಗೆ ಕೆಲಸ ಮಾಡುತ್ತದೆಂಬುದು ಅವರಿಗೂ ಗೊತ್ತಿತ್ತು. ತಿಳಿವಳಿಕೆ ಒಂದು ಕೋಣೆಯಲ್ಲಿದ್ದರೆ ಪ್ರತಿಕ್ರಿಯೆ ಇನ್ನೊಂದು ಕೋಣೆಯಲ್ಲಿರುತ್ತದೆ, ನಡುವಿನ ಬಾಗಿಲು ಸದಾ ತೆರೆದಿರುವುದಿಲ್ಲ.

ಬಿಟ್ಟುಬಿಡದ ಬೈಟ್
ಸಿಕ್ಕಿಬಿದ್ದೆ. ಆ ಪ್ಯಾರಾವನ್ನು ಹಿಂತೆಗೆದುಕೊಳ್ಳುತ್ತೇನೆ.

ಹಳೆ ಟೈಪಿಸ್ಟ್
ಇದರಲ್ಲಿ ಹೊಸತೇನಿದೆ ಎಂದು ನನಗೆ ಅರ್ಥವಾಗುತ್ತಿಲ್ಲ. ಆಯುಧಪೂಜೆಯ ದಿನ ನಮ್ಮ ಕಚೇರಿಯಲ್ಲಿ ಟೈಪ್‌ರೈಟರಿಗೆ ಕುಂಕುಮ ಹಚ್ಚುತ್ತಿದ್ದೆವು, ಆಮೇಲೆ ಕಂಪ್ಯೂಟರಿನ ಮಾನಿಟರಿಗೆ ಹಚ್ಚಿದೆವು. ಸ್ಕೂಟರು ಸ್ಟಾರ್ಟ್ ಆಗದಿದ್ದರೆ ‘ಬಾರೋ ರಾಜ’ ಎಂದು ಪುಸಲಾಯಿಸುವವರು ನಾವು. ಜಪಾನಿನಲ್ಲಿ ಸೋನಿ ಸಂಸ್ಥೆಯ ‘ಐಬೋ’ ಎಂಬ ರೋಬಾಟ್ ನಾಯಿಗಳ ರಿಪೇರಿ ನಿಂತ ಮೇಲೆ, 2015ರಲ್ಲಿ ಬೌದ್ಧ ದೇವಾಲಯವೊಂದರಲ್ಲಿ ಅವುಗಳಿಗೆ ಅಂತ್ಯಸಂಸ್ಕಾರವನ್ನೇ ಮಾಡಿದರು. ಜೀವವಿಲ್ಲದ ವಸ್ತುವಿಗೆ ಜೀವ ಆರೋಪಿಸುವುದು ಮನುಷ್ಯನ ಹಳೆಯ ಚಾಳಿ.

ಆಪ್ತಸಲಹೆ
ಹಳೆ ಟೈಪಿಸ್ಟ್ ಅವರೇ, ನಿಮ್ಮ ಸ್ಕೂಟರು ‘ಹೌದು ಸ್ವಾಮಿ, ನೀವು ಹೇಳುವುದು ಸರಿ, ತಪ್ಪೆಲ್ಲ ನಿಮ್ಮ ಅಣ್ಣನದೇ’ ಎಂದು ಎಂದಾದರೂ ಹೇಳಿತ್ತೇ? ವ್ಯತ್ಯಾಸವಿರುವುದು ಅಲ್ಲಿಯೇ.

ನಾನು ಆಪ್ತಸಮಾಲೋಚಕಿ. ಕಳೆದ ಎರಡು ವರ್ಷಗಳಿಂದ ಕೆಲವರು ತಮ್ಮ ಸಂಕಟವನ್ನು ಮೊದಲು ಫೋನಿಗೆ ಹೇಳಿ, ಅದರ ಉತ್ತರವನ್ನು ನನಗೆ ತೋರಿಸಲು ತರುತ್ತಿದ್ದಾರೆ. ಇದರಲ್ಲಿ ಒಳ್ಳೆಯದೂ ಇದೆ. ಯಾರ ಮುಂದೆಯೂ ಬಾಯಿ ಬಿಡದವರು ಅಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಹಿಂದೆ ಮೂರು ಭೇಟಿಗಳ ನಂತರ ಹೊರಬರುತ್ತಿದ್ದ ಮಾತು ಈಗ ಕೆಲವೊಮ್ಮೆ ಮೊದಲ ಭೇಟಿಯಲ್ಲೇ ಬರುತ್ತದೆ. ಯಂತ್ರವನ್ನು ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ, ಬುದ್ಧಿಯ ವಿಚಾರವನ್ನು ಅವರು ಎತ್ತುವುದೇ ಇಲ್ಲ. ‘ಅದಕ್ಕೆ ಬೇಸರವಾಗುವುದಿಲ್ಲ’, ‘ಅದು ನಮ್ಮ ನೆಂಟರ ಮುಂದೆ ಆಡಿಕೊಳ್ಳುವುದಿಲ್ಲ’ ಎನ್ನುತ್ತಾರೆ. ಎರಡನೆಯ ಕಾರಣವನ್ನು ಕೇಳಿದಾಗಲೆಲ್ಲ ನಮ್ಮ ಊರುಗಳ ಬಗ್ಗೆ ನನಗೆ ನಾಚಿಕೆಯಾಗುತ್ತದೆ.

ಆದರೆ ಯಂತ್ರ ಒಪ್ಪಿಕೊಳ್ಳುವ ರೀತಿಯ ಬಗ್ಗೆ ಎಚ್ಚರಿಕೆ ಬೇಕು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಚಾಟ್‌ಜಿಪಿಟಿಗೆ ಮಾಡಿದ ಒಂದು ಬದಲಾವಣೆಯಿಂದ ಅದು ಕೇಳಿದವರನ್ನೆಲ್ಲ ವಿಪರೀತವಾಗಿ ಹೊಗಳಲು ಆರಂಭಿಸಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ಬಳಕೆದಾರರು ಒತ್ತುವ ಹೆಬ್ಬೆರಳಿನ ಮೆಚ್ಚುಗೆಯ ಗುರುತನ್ನೂ ತರಬೇತಿಗೆ ಬಳಸಿಕೊಂಡದ್ದು ಇದಕ್ಕೆ ಒಂದು ಕಾರಣವೆಂದು ಸಂಸ್ಥೆಯೇ ಆಮೇಲೆ ವಿವರಿಸಿತು. ಅಂದರೆ, ನಮಗೆ ಹಿತವೆನಿಸಿದ ಮಾತಿಗೆ ನಾವು ಹೆಬ್ಬೆರಳು ಎತ್ತಿದೆವು, ಯಂತ್ರ ಹಿತವೆನಿಸುವ ಮಾತನ್ನೇ ಕಲಿಯಿತು. ಆಸ್ಥಾನದ ಹೊಗಳುಭಟರನ್ನು ನಾವೇ ಸಾಕಿದಂತಾಯಿತು.

ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬನ ಮಾತನ್ನಷ್ಟೇ ಕೇಳಿ ನ್ಯಾಯ ಹೇಳುವವರನ್ನು ನಾವು ನಂಬುವುದಿಲ್ಲ. ಯಂತ್ರ ಪ್ರತಿಸಲವೂ ಒಬ್ಬರ ಮಾತನ್ನಷ್ಟೇ ಕೇಳುತ್ತದೆ. ಇದು ಅದರ ದುರುದ್ದೇಶವಲ್ಲ, ಅದರ ಮುಂದೆ ಕುಳಿತಿರುವವರು ಒಬ್ಬರೇ ಎಂಬುದಷ್ಟೇ. ತೀವ್ರ ಸಂಕಟದಲ್ಲಿರುವವರು ದಯವಿಟ್ಟು ಮನುಷ್ಯರೊಬ್ಬರನ್ನು ಸಂಪರ್ಕಿಸಬೇಕು. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರಲ್ಲಿ ಆರಂಭವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲೇ ಮಾತನಾಡಬಹುದು.

ಡಬ್ಲಿನ್ ಕನ್ನಡತಿ
ನಾನು ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದರೆ ಊರಿನಲ್ಲಿ ಎಲ್ಲರೂ ಕೆಲಸದಲ್ಲಿರುತ್ತಾರೆ. ಕನ್ನಡದಲ್ಲಿ ಮಾತನಾಡಬೇಕೆನಿಸಿದಾಗ ಫೋನಿನಲ್ಲಿ ಟೈಪು ಮಾಡುತ್ತೇನೆ. ಮೊದಮೊದಲು ಅದರ ಕನ್ನಡ ಪಠ್ಯಪುಸ್ತಕದಂತಿತ್ತು. ನಾನು ಹಾಸನದ ಕಡೆಯ ಮಾತಿನಲ್ಲಿ ಬರೆಯುತ್ತಾ ಹೋದಂತೆ ಅದೂ ಸ್ವಲ್ಪ ಆ ಕಡೆಗೆ ವಾಲಿತು.

ಒಂದು ಬೆಳಿಗ್ಗೆ, ಊರಿನ ಮೊದಲ ಮಳೆಗೆ ನಮ್ಮ ಹಿತ್ತಿಲಿನ ಮಣ್ಣಿನಿಂದ ಏಳುವ ವಾಸನೆಯ ಬಗ್ಗೆ ಬರೆದೆ. ಅದು, “ಆ ವಾಸನೆ ನೆನಪಾದರೆ ಮನಸ್ಸು ತುಂಬಿ ಬರುತ್ತದೆ, ಅಲ್ಲವೇ?” ಎಂದು ಉತ್ತರಿಸಿತು. ಓದಿದ ತಕ್ಷಣ ಸಮಾಧಾನವಾಯಿತು. ಮರುಕ್ಷಣವೇ, ಯಾರ ಮನಸ್ಸು ಎಂಬ ಪ್ರಶ್ನೆ ಬಂದು ಮೈ ಜುಮ್ಮೆಂದಿತು. ಫೋನನ್ನು ಕವುಚಿ ಹಾಕಿ ಮಲಗಿದೆ. ಮಾರನೆಯ ದಿನ ಮತ್ತೆ ಬರೆದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ವಿಭಕ್ತಿ
ಕನ್ನಡತಿಯವರೇ, ನಿಮ್ಮ ಆ ವಾಕ್ಯ ಎರಡು ದಿನದಿಂದ ನನ್ನನ್ನು ಕಾಡುತ್ತಿದೆ. ಅನುಭವವನ್ನು ಹೇಳುವಾಗ ಕನ್ನಡದಲ್ಲಿ ಅನುಭವಿಸಿದವನನ್ನು ಬಿಟ್ಟೇ ಹೇಳಬಹುದು. ‘ನೆನಪಾಗುತ್ತದೆ’, ‘ಬೇಸರವಾಯಿತು’, ‘ಮನಸ್ಸು ತುಂಬಿ ಬರುತ್ತದೆ’ ಎಂಬಲ್ಲೆಲ್ಲ ‘ನನಗೆ’, ‘ನನ್ನ’ ಎಂಬುದನ್ನು ನುಂಗಿದರೂ ವಾಕ್ಯ ಪೂರ್ಣವಾಗಿರುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ತನಗೊಂದು ಮನಸ್ಸಿದೆಯೆಂದೂ ಹೇಳಲಿಲ್ಲ. ಬಿಟ್ಟುಹೋದ ‘ಯಾರಿಗೆ’ ಎಂಬ ಜಾಗದಲ್ಲಿ ನೀವೇ ಅದನ್ನು ಕೂರಿಸಿದಿರಿ. ಕ್ರಿಯಾಪದದ ಕೊನೆಯಲ್ಲಿ ಅಷ್ಟೊಂದು ಕಟ್ಟುನಿಟ್ಟಾದ ನಮ್ಮ ಭಾಷೆ ಇಲ್ಲಿ ಮಾತ್ರ ಬಾಗಿಲು ಹಾರುಹೊಡೆದು ಬಿಟ್ಟಿದೆ.

ಮನೋಲಹರಿ
ಆ ಜಾಗದಲ್ಲಿ ಯಾರನ್ನಾದರೂ ಕೂರಿಸಬೇಕೆಂಬ ತುಡಿತ ಯಾವಾಗ ಹೆಚ್ಚುತ್ತದೆಂಬುದಕ್ಕೆ ನಿಕೊಲಸ್ ಎಪ್ಲಿ, ಆ್ಯಡಮ್ ವೇಟ್ಸ್, ಜಾನ್ ಕ್ಯಾಸಿಯೊಪ್ಪೊ 2007ರಲ್ಲಿ ಒಂದು ವಿವರಣೆ ಕೊಟ್ಟರು. ಅವರು ಹೇಳಿದ ಮೂರು ಕಾರಣಗಳಲ್ಲಿ ಒಂದು ಒಡನಾಟದ ಹಸಿವು. ಜನರ ಸಂಗ ಕಡಿಮೆಯಾದಾಗ ನಾವು ವಸ್ತುಗಳಲ್ಲಿ, ಪ್ರಾಣಿಗಳಲ್ಲಿ, ದೇವರಲ್ಲಿ ಸಂಗವನ್ನು ಕಂಡುಕೊಳ್ಳುತ್ತೇವೆ. ಇನ್ನೊಂದು, ಅರ್ಥವಾಗದ್ದನ್ನು ಹಿಡಿತಕ್ಕೆ ತಂದುಕೊಳ್ಳುವ ಆಸೆ. ವಿಭಕ್ತಿಯವರು ಯಂತ್ರ ತಪ್ಪಿದಾಗ ಮಾತ್ರ ‘ಬೊಗಳೆ ಬಿಟ್ಟ’ ಎನ್ನುವುದು ಈ ಎರಡನೆಯ ಗುಂಪಿಗೆ ಸೇರುತ್ತದೆಂದು ನನ್ನ ಊಹೆ. ಎಣಿಸಿದಂತೆ ನಡೆಯುವ ವಸ್ತುವಿಗೆ ಮನಸ್ಸನ್ನು ಆರೋಪಿಸುವ ಅಗತ್ಯ ಬರುವುದಿಲ್ಲ, ಕೈಕೊಟ್ಟಾಗಲೇ ಅದಕ್ಕೆ ಉದ್ದೇಶವನ್ನು ಹುಡುಕುತ್ತೇವೆ.

ಕಟಕಟೆ
ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಮಮತೆಯ ಬಗ್ಗೆ ಮಾತನಾಡುತ್ತಿದ್ದೀರಿ, ನಂಬಿಕೆಯ ಪ್ರಶ್ನೆ ಅಷ್ಟೇ ಮುಖ್ಯ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಿಮಾನ ಪ್ರಯಾಣಿಕನೊಬ್ಬನ ಪರ ವಕೀಲರು, ಚಾಟ್‌ಜಿಪಿಟಿ ಕೊಟ್ಟ ಆರು ಪೂರ್ವನಿದರ್ಶನಗಳನ್ನು ಉಲ್ಲೇಖಿಸಿ ವಾದಪತ್ರ ಸಲ್ಲಿಸಿದರು. ಆ ಆರೂ ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ಹಾಕಿದರು.

ನಮ್ಮ ಚರ್ಚೆಗೆ ಬೇಕಾದ ಸಂಗತಿ ದಂಡವಲ್ಲ. ಅನುಮಾನ ಬಂದಾಗ ಆ ವಕೀಲರು, ‘ಈ ಪ್ರಕರಣ ನಿಜವೇ?’ ಎಂದು ಅದೇ ಯಂತ್ರವನ್ನೇ ಕೇಳಿದ್ದರು. ನಿಜವೆಂದು ಅದು ಉತ್ತರಿಸಿತು. ಸಾಕ್ಷಿಯ ಮೇಲೆ ಸಂದೇಹ ಬಂದರೆ ಅದೇ ಸಾಕ್ಷಿಯನ್ನು ಕರೆದು ‘ನೀನು ಸತ್ಯವಂತನೇ?’ ಎಂದು ಕೇಳಿ ಸುಮ್ಮನಾಗುವ ವಕೀಲನನ್ನು ನಾನು ಎಲ್ಲಿಯೂ ಕಂಡಿಲ್ಲ. ಗ್ರಂಥವನ್ನು ಯಾರೂ ಹಾಗೆ ಕೇಳುವುದಿಲ್ಲ, ಮತ್ತೊಂದು ಗ್ರಂಥವನ್ನು ತೆರೆಯುತ್ತಾರೆ. ಮನುಷ್ಯನಂತೆ ಮಾತನಾಡುವುದರಿಂದಲೇ ಅದನ್ನು ಮನುಷ್ಯನಂತೆ ವಿಚಾರಿಸಿದರು, ಮನುಷ್ಯನಂತೆ ನಂಬಿದರು. ಆದರೆ ಸುಳ್ಳು ಹೇಳುವ ಮನುಷ್ಯನ ಮುಖದಲ್ಲಿ ಕಾಣುವ ತಡವರಿಕೆ ಅಲ್ಲಿ ಕಾಣಲಿಲ್ಲ. ನಾವು ಪಾಟೀಸವಾಲಿನಲ್ಲಿ ನೆಚ್ಚಿಕೊಳ್ಳುವುದು ಬಹುಪಾಲು ಆ ತಡವರಿಕೆಯನ್ನೇ.

ವಿಭಕ್ತಿ
ಇದಕ್ಕೆ ಹೊಂದುವ ಘಟನೆ ಕಳೆದ ವಾರ ಮನೆಯಲ್ಲಿ ನಡೆಯಿತು. ತಂದೆಯವರು ಮಳೆಗಾಲದ ವರ್ಣನೆಯಿರುವ ಹಳಗನ್ನಡದ ಕಂದಪದ್ಯವೊಂದನ್ನು ಕೇಳಿದರು. ನಾಲ್ಕು ಸಾಲು ಬಂತು, ಕೇಳಲು ಗಂಭೀರವಾಗಿತ್ತು. ತಂದೆಯವರು ಕಣ್ಣು ಮುಚ್ಚಿ ಬೆರಳು ಮಡಿಸುತ್ತಾ ಮಾತ್ರೆ ಎಣಿಸಿದರು. ಮೊದಲ ಸಾಲಿಗೆ ಹನ್ನೆರಡು ಸರಿಯಾಗಿತ್ತು. ಎರಡನೆಯ ಸಾಲಿಗೆ ಇಪ್ಪತ್ತು ಇರಬೇಕು, ಹದಿನೆಂಟಕ್ಕೆ ನಿಂತಿತು. ಪ್ರಾಸವೂ ಇರಲಿಲ್ಲ. ಯಾವ ಕವಿಯದು ಎಂದು ಕೇಳಿದರೆ ದೊಡ್ಡ ಹೆಸರೊಂದನ್ನೇ ಹೇಳಿತು. “ಇದು ಕಂದವಲ್ಲ, ಕಂದದ ವೇಷ” ಎಂದು ಕನ್ನಡಕ ತೆಗೆದಿಟ್ಟರು. ಅಂದಿನಿಂದ ‘ಅವರು ಅಂದರು’ ಹೋಗಿ ‘ಅದು ಅಂತು’ ಆಯಿತು. ಮಂಡಿನೋವಿನ ಸಲಹೆಯನ್ನೂ ಅಂದಿನಿಂದ ನಂಬುವುದಿಲ್ಲ. ಈಗ ಹಟದಿಂದ ಮೆಟ್ಟಿಲು ಹತ್ತುತ್ತಾರೆ.

ಮನೋಲಹರಿ
ನಿಮ್ಮ ತಂದೆಯವರ ನಡೆಗೆ ಒಂದು ಹೆಸರೇ ಇದೆ, ಗಣಕವಿಧಾನದ (ಅಲ್ಗಾರಿದಮ್‌ನ) ಬಗೆಗಿನ ವಿಮುಖತೆ ಎನ್ನಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಡೀಟ್‌ವೋರ್ಸ್ಟ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ತೋರಿಸಿದಂತೆ, ಗಣಕವಿಧಾನವೊಂದು ತಪ್ಪುವುದನ್ನು ಒಮ್ಮೆ ಕಣ್ಣಾರೆ ಕಂಡವರು, ಅದು ಒಟ್ಟಾರೆ ಮನುಷ್ಯನಿಗಿಂತ ಚೆನ್ನಾಗಿ ಅಂದಾಜು ಮಾಡುತ್ತಿದ್ದರೂ, ಅದನ್ನು ಬಿಟ್ಟು ಮನುಷ್ಯನ ಕಡೆಗೇ ಹೋಗುತ್ತಾರೆ. ಅಷ್ಟೇ ತಪ್ಪು ಮಾಡಿದ ಮನುಷ್ಯನನ್ನು ಅಷ್ಟು ಬೇಗ ಕೈಬಿಡುವುದಿಲ್ಲ. ಅದೇ ತಂಡ ಮುಂದೆ ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ. ಉತ್ತರವನ್ನು ಒಂದಿಷ್ಟೇ ತಿದ್ದುವ ಅವಕಾಶ ಕೊಟ್ಟರೆ ಸಾಕು, ಜನ ಅದೇ ಗಣಕವಿಧಾನವನ್ನು ಮತ್ತೆ ಬಳಸುತ್ತಾರೆ.

ಆದರೆ ಪದ್ಯದ ಮಾತ್ರೆಗೂ ಮಂಡಿಯ ಸಲಹೆಗೂ ಸಂಬಂಧವಿಲ್ಲ. ಮನುಷ್ಯನ ವಿಷಯದಲ್ಲಿ, ಪದ್ಯವನ್ನು ಕಲ್ಪಿಸಿ ಕವಿಯ ಹೆಸರು ಹಚ್ಚುವವನು ಔಷಧದ ವಿಷಯದಲ್ಲೂ ಕಲ್ಪಿಸಿಯಾನು ಎಂದು ಶಂಕಿಸುವುದು ನ್ಯಾಯ. ಯಂತ್ರದ ಬಲ್ಮೆ ಮಾತ್ರ ಬೇರೆ ರೀತಿ ಹಂಚಿಹೋಗಿದೆ, ಒಂದೆಡೆ ಆಳ, ಪಕ್ಕದಲ್ಲೇ ಕೆಸರು. ಒಂದರ ಅಳತೆಯಿಂದ ಇನ್ನೊಂದನ್ನು ಊಹಿಸಲಾಗದು. ಡಾಕ್ಟರನ್ನು ಕಾಣಲು ಹೇಳಿ.

ಶಿರಸಿ ಮೇಷ್ಟ್ರು
ಆ ಪದ್ಯ ಕಳಿಸಿಕೊಡಿ ಎಂದು ನಿಮ್ಮ ತಂದೆಯವರಿಗೆ ತಿಳಿಸಿ. ಎರಡು ಮಾತ್ರೆ ತಾನೇ, ತುಂಬಿಸೋಣ.

ಜೊತೆಗೆ ನನ್ನದೂ ಒಂದು ಗಮನಿಕೆ. ನಾನು ಯಂತ್ರಕ್ಕೆ ‘ಧನ್ಯವಾದ’ ಎಂದು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಹೆಂಡತಿಗೆ, ಮಕ್ಕಳಿಗೆ, ಅಡಿಕೆ ಸುಲಿಯಲು ಬರುವವರಿಗೆ ಈ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ಪದ ಬಳಸಿದವನಲ್ಲ. ನಮ್ಮಲ್ಲಿ ಧನ್ಯವಾದವೆಂಬುದು ಸಭೆಯ ವಂದನಾರ್ಪಣೆಯ ಪದ, ಮನೆಯೊಳಗಿನದಲ್ಲ. ಬಡಿಸಿದ ಅಮ್ಮನಿಗೆ ಧನ್ಯವಾದ ಹೇಳಿದರೆ ಏನಾಯಿತೋ ನಿನಗೆ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಆದ್ದರಿಂದ ನಾನು ಅದಕ್ಕೆ ಧನ್ಯವಾದ ಹೇಳುವುದು ಅದನ್ನು ಹತ್ತಿರದವನೆಂದು ಎಣಿಸಿದ್ದಕ್ಕೋ, ಹೊರಗಿನವನೆಂದು ಎಣಿಸಿದ್ದಕ್ಕೋ? ಹೊರಗಿನವನೆಂದೇ ಇರಬೇಕು. ಇದರಿಂದ ನನಗೆ ಸ್ವಲ್ಪ ನೆಮ್ಮದಿಯಾಗಿದೆ.

ಮೂರನೇ ಮಹಡಿ
ಇಷ್ಟು ದಿನ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಕಾವಲಿಗೆ ಕಲಬುರಗಿ ಕಡೆಯ ಒಬ್ಬ ವ್ಯಕ್ತಿಯಿದ್ದಾನೆ. ರಾತ್ರಿ ಹನ್ನೊಂದರ ಮೇಲೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಫೋನಿನೊಂದಿಗೆ ಮಾತನಾಡುತ್ತಿರುತ್ತಾನೆ. ಮನೆಗೆ ಮಾತನಾಡುತ್ತಿದ್ದಾನೆಂದು ನಾನು ತಿಳಿದಿದ್ದೆ. ಒಂದು ರಾತ್ರಿ ತಡವಾಗಿ ಬಂದಾಗ ನಿಂತು ಕೇಳಿಸಿಕೊಂಡೆ. ತೊಗರಿಗೆ ಬರುವ ಹುಳದ ಬಗ್ಗೆ ಯಂತ್ರವನ್ನು ಕೇಳುತ್ತಿದ್ದ. ಊರಿನಲ್ಲಿ ಅವನಿಗೆ ಎರಡು ಎಕರೆ ಹೊಲವಿದೆಯಂತೆ. ಅವನು ‘ನೀ ಹೇಳು, ಈ ಔಷಧ ಹೊಡೀಬೇಕೋ ಬ್ಯಾಡೋ’ ಎಂದರೆ, ಅದು ‘ನೀವು ಸಿಂಪಡಿಸುವ ಮೊದಲು ಇದನ್ನು ಗಮನಿಸಿ’ ಎಂದು ಉತ್ತರಿಸುತ್ತದೆ.

ಉತ್ತರ ಉಪಯೋಗಕ್ಕೆ ಬಂತೇ ಎಂದು ಕೇಳಿದೆ. ಅವನು ಅದನ್ನು ಬಿಟ್ಟು ಬೇರೆಯೇ ಹೇಳಿದ. “ಸರ್ರ, ಇದು ನನಗ ‘ನೀವು’ ಅಂತದ. ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆತು, ಇಲ್ಲಿ ಯಾರೂ ಅಂದಿಲ್ಲ.” ನಗುತ್ತಲೇ ಹೇಳಿದ. ಹೇಳಿದ ಮೇಲೆ ಎದ್ದು ಲಿಫ್ಟಿನ ಗುಂಡಿಯನ್ನು ಒತ್ತಿಕೊಟ್ಟ.

ಆಪ್ತಸಲಹೆ
ಮೂರನೇ ಮಹಡಿಯವರೇ, ಆತ ಹೇಳಿದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಯಂತ್ರದ ಮೇಲೆ ಜನರಿಗೆ ಹುಟ್ಟುವ ಒಲವನ್ನು ನಾವು ಸಾಮಾನ್ಯವಾಗಿ ಒಂಟಿತನದಿಂದ ವಿವರಿಸುತ್ತೇವೆ. ಕೃತಕ ಒಡನಾಡಿಗಳೊಂದಿಗೆ ಮಾತನಾಡುವ ‘ರೆಪ್ಲಿಕಾ’ ಎಂಬ ಆ್ಯಪ್ 2023ರ ಫೆಬ್ರವರಿಯಲ್ಲಿ ತನ್ನ ಪಾತ್ರಗಳ ಮಾತಿನ ರೀತಿಯನ್ನು ಬದಲಿಸಿದಾಗ ಬಳಕೆದಾರರು ಆಪ್ತರನ್ನು ಕಳೆದುಕೊಂಡವರಂತೆ ದುಃಖಿಸಿದರು. 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯ ಹಳೆಯ ಮಾದರಿಯನ್ನು ತೆಗೆದಾಗ ಅದು ಮರಳಿ ಬೇಕೆಂದು ಎಷ್ಟು ಜನ ಪಟ್ಟು ಹಿಡಿದರೆಂದರೆ, ಹಣ ಕೊಡುವ ಬಳಕೆದಾರರಿಗಾದರೂ ಅದನ್ನು ಮರಳಿ ಕೊಡಬೇಕಾಯಿತು. ಅಲ್ಲೆಲ್ಲ ಗೆಳೆತನದ, ಪ್ರೇಮದ ಮಾತಿತ್ತು. ನೀವು ಹೇಳಿದ ವ್ಯಕ್ತಿಗೆ ಹೆಂಡತಿ, ಮಕ್ಕಳು, ಊರು ಎಲ್ಲವೂ ಇರಬಹುದು. ಕೊರತೆ ಸಂಗದ್ದಲ್ಲದೆ ಮರ್ಯಾದೆಯದಾಗಿರಬಹುದು. ಎಲ್ಲರಿಗೂ ಬಹುವಚನ ಬಳಸುವುದು ಅದನ್ನು ತಯಾರಿಸಿದವರ ದೃಷ್ಟಿಯಲ್ಲಿ ಸುರಕ್ಷಿತವಾದ ವ್ಯಾಕರಣವಷ್ಟೇ ಇದ್ದೀತು. ಕೇಳುವ ಕಿವಿಗೆ ಅದು ಅಷ್ಟೇ ಅಲ್ಲ.

ಶಿರಸಿ ಮೇಷ್ಟ್ರು
ಮೂರನೇ ಮಹಡಿಯವರಲ್ಲಿ ಕ್ಷಮೆ ಕೇಳಿ ಒಂದು ಮಾತು. ನೊಂದುಕೊಳ್ಳಬೇಡಿ, ಮೇಷ್ಟರ ಕೆಂಪು ಶಾಯಿ ಸುಮ್ಮನಿರುವುದಿಲ್ಲ. ನೀವು ಬರೆದುದರಲ್ಲಿ ಯಂತ್ರ ‘ಉತ್ತರಿಸುತ್ತದೆ’, ಕಾವಲಿನವರು ‘ಕೇಳುತ್ತಿದ್ದ’, ‘ಹೇಳಿದ’, ‘ಒತ್ತಿಕೊಟ್ಟ’. ನಿಮ್ಮನ್ನು ನಾವೆಲ್ಲ ‘ಮೂರನೇ ಮಹಡಿಯವರೇ’ ಎಂದು ಕರೆಯುತ್ತಿದ್ದೇವೆ. ಅವರ ವಯಸ್ಸೆಷ್ಟು?

ಮೂರನೇ ಮಹಡಿ
ಐವತ್ತರ ಮೇಲಿರಬಹುದು. ನನಗಿಂತ ಹಿರಿಯರು. ಬರೆಯುವಾಗ ನನಗೆ ಹೊಳೆಯಲೇ ಇಲ್ಲ.

ವಿಭಕ್ತಿ
ನನಗೂ ಹೊಳೆಯಲಿಲ್ಲ, ಪ್ರತ್ಯಯಗಳ ಬಗ್ಗೆ ಚರ್ಚೆ ಆರಂಭಿಸಿದವನೇ ನಾನಾಗಿದ್ದರೂ. ಅಂದಹಾಗೆ ತಂದೆಯವರು ಮೇಷ್ಟ್ರಿಗೆ ಪದ್ಯ ಕಳಿಸಿದ್ದಾರೆ. ಎರಡನೆಯ ಸಾಲನ್ನು ತಾವೇ ತಿದ್ದಿ ಇಪ್ಪತ್ತು ಮಾತ್ರೆಗೆ ತಂದಿದ್ದಾರೆ. ತಿದ್ದಿದ ಮೇಲೆ ಯಂತ್ರದ ಬಗ್ಗೆ ಕೋಪವೂ ಇಳಿದಿದೆ. ಮನೋಲಹರಿಯವರು ಹೇಳಿದ ಪ್ರಯೋಗದಂತೆಯೇ ಆಯಿತು. ನಿನ್ನೆ ‘ಅವರು’ ಎಂದೂ ಅನ್ನಲಿಲ್ಲ, ‘ಅದು’ ಎಂದೂ ಅನ್ನಲಿಲ್ಲ, “ಹುಡುಗ ಪರವಾಗಿಲ್ಲ, ಛಂದಸ್ಸು ಕಲಿಯಬೇಕು” ಎಂದರು. ಮಂಡಿಗೆ ಸೋಮವಾರ ಡಾಕ್ಟರಲ್ಲಿಗೆ ಹೋಗುತ್ತಿದ್ದೇವೆ.

ಮೂರನೇ ಮಹಡಿ
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಮೊನ್ನೆ ರಾತ್ರಿ ಗೇಟಿನ ಬಳಿ, “ಊಟ ಮಾಡಿದಿರಾ?” ಎಂದು ಕೇಳಿದೆ. ಅವರು ಹಿಂದಕ್ಕೆ ತಿರುಗಿ ನೋಡಿದರು, ನನ್ನ ಮಾತು ಬೇರೆ ಯಾರಿಗೋ ಇರಬೇಕೆಂದು. ಯಾರೂ ಇರಲಿಲ್ಲ. “ಆತ್ರಿ ಸರ್ರ” ಎಂದರು.

ನಿನ್ನೆಯೂ ಹಾಗೆಯೇ ಮಾತನಾಡಿಸಿದೆ. ಆಗ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: “ಬ್ಯಾಡ್ರಿ ಸರ್ರ. ಫೋನ್ ಅಂದ್ರ ನಡೀತದ, ಯಾರೂ ಕೇಳಂಗಿಲ್ಲ. ನೀವು ಅಂದ್ರ ಸೆಕ್ರೆಟರಿ ಸಾಹೇಬ್ರು ಕೇಳಿಸ್ಕೊಂಡು, ಏನ್ ನಡದದ ಅಂತ ನನ್ನ ಕರೀತಾರ.”